ಟೈಲರಮ್ಮ ಹೊಲಿದ ಪರದೆ

ಹೂ ಬಿಡುತ್ತದೆ, ಕಾಯಿ ನಿಲ್ಲುವುದಿಲ್ಲ. ಈ ಗೋಳು ಯಾರ ಹಿತ್ತಲಲ್ಲಿಲ್ಲ ಹೇಳಿ! ಆದರೆ ಟೈಲರಮ್ಮನಿಗೆ ಇದು ಬರೀ ಗೋಳಾಗಿರಲಿಲ್ಲ. ತೀರಿಹೋದ ಗಂಡ ವರ್ಷವರ್ಷವೂ ಜೋಪಾನ ಮಾಡಿದ್ದ ಕುಂಬಳದ ಬೀಜಗಳಲ್ಲಿ ಉಳಿದದ್ದು ಮೂರು, ಮೊಳೆತದ್ದು ಒಂದು. ಆ ಬಳ್ಳಿಯಲ್ಲಿ ಕಾಯಾಗದಿದ್ದರೆ ಬೀಜವಿಲ್ಲ, ಅವನ ಕುಂಬಳವೂ ಅಲ್ಲಿಗೆ ಮುಗಿಯಿತು.

ಅದಕ್ಕೇ ಬಳ್ಳಿಗೆ ಸೊಳ್ಳೆಪರದೆಯ ಹೊದಿಕೆ ಹೊಲಿದಿದ್ದಳು. ಮೂವತ್ತು ವರ್ಷ ಮಷಿನ್ ತುಳಿದವಳ ಹೊಲಿಗೆ. ಇರುವೆ ನುಸುಳಲೂ ಸಂದಿಲ್ಲ. ಆದರೂ ಗೋಲಿಯಷ್ಟಾದ ಕಾಯಿಗಳು ಹಳದಿಯಾಗಿ ಉದುರುತ್ತಲೇ ಇದ್ದವು.

ಒಂದು ಬೆಳಗ್ಗೆ ನಾದಿನಿ ಬಂದಳು. ಸಸಿ ಮಾರುವ ನರ್ಸರಿಯಲ್ಲಿ ಅವಳಿಗೆ ಕೆಲಸ.

“ಏನತ್ತಿಗೆ, ಬಳ್ಳಿಗೂ ಸೊಳ್ಳೆ ಕಚ್ಚುತ್ತಾ?”

“ನಗಬೇಡ್ವೇ. ಹೋದ ವರ್ಷ ಎಲೆಯೆಲ್ಲ ಹುಳ ತಿಂದಿತ್ತು. ಜೇನ್ನೊಣ ಬೇರೆ ಮುತ್ಕೊಳ್ಳುತ್ತೆ. ಹೂವಿನ ಸತ್ವಾನೆಲ್ಲ ಅದೇ ಹೀರಿದ್ರೆ ಕಾಯಿಗೇನು ಉಳಿಯುತ್ತೆ?”

ನಾದಿನಿ ಪರದೆಯ ಅಂಚೆತ್ತಿ ತೋರಿಸಿದಳು. “ಇದು ಗಂಡು ಹೂ. ಮುಟ್ಟಿ, ಹಳದಿ ಪುಡಿ ಅಂಟುತ್ತಲ್ಲ, ಅದೇ ಪರಾಗ. ಇದು ಹೆಣ್ಣು ಹೂ, ಬುಡದಲ್ಲೇ ಪುಟ್ಟ ಕಾಯಿ ಇದೆ ನೋಡಿ. ಆ ಪುಡಿ ಇಲ್ಲಿಗೆ ಬಂದರೇನೇ ಕಾಯಿ ನಿಲ್ಲೋದು. ನಡ್ಕೊಂಡು ಬರೋಕೆ ಹೂವಿಗೆ ಕಾಲಿದ್ಯಾ? ಜೇನ್ನೊಣಾನೇ ಮೈಗೆ ಮೆತ್ಕೊಂಡು ತರಬೇಕು. ಹೂ ಬಿಡೋವರೆಗೆ ಪರದೆ ಇರಲಿ, ಆಮೇಲೆ ತೆಗೀಬೇಕು.”

“ಅಂದ್ರೆ, ನನ್ನ ಕೈಯಾರೆ ನಾನೇ…” ಟೈಲರಮ್ಮ ಉದುರಿದ ಕಾಯಿಯೊಂದನ್ನು ಎತ್ತಿಕೊಂಡಳು.

“ಅಣ್ಣ ಬೆಳಗ್ಗೆ ಬಳ್ಳಿ ಹತ್ರ ಸುಮ್ನೆ ಕೂತಿರ್ತಿದ್ನಲ್ಲ?”

“ಹೂಂ. ಸೋಮಾರಿ ಅಂತ ಬೈತಿದ್ದೆ.”

“ಜೇನು ಬಂತಾ ಅಂತ ನೋಡ್ತಿದ್ದ, ಅತ್ತಿಗೆ.”

ಟೈಲರಮ್ಮ ಒಳಗೆ ಹೋಗಿ ಕತ್ತರಿ ತಂದು, ತಾನೇ ಹಾಕಿದ ಹೊಲಿಗೆಯನ್ನು ಉದ್ದಕ್ಕೂ ಕತ್ತರಿಸಿದಳು. ಅಂದು ಅರಳಿದ್ದ ಹೆಣ್ಣು ಹೂ ಒಂದೇ. ಬಿಸಿಲೇರಿದರೆ ಅದೂ ಮುಚ್ಚಿಕೊಳ್ಳುತ್ತದೆ.

“ಇವತ್ತಿಗೆ ನೀವೇ ಜೇನು,” ಎಂದು ನಾದಿನಿ ಗಂಡು ಹೂವೊಂದನ್ನು ಕಿತ್ತು, ದಳ ಬಿಡಿಸಿ ಕೊಟ್ಟಳು. ಸೂಜಿಗೆ ದಾರ ಪೋಣಿಸುವ ಟೈಲರಮ್ಮನ ಕೈ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿತು.

ಆ ಕಾಯಿ ಉದುರಲಿಲ್ಲ. ಮುಂದಿನ ಹೂಗಳನ್ನು ಜೇನ್ನೊಣಗಳೇ ನೋಡಿಕೊಂಡವು. ಡಬ್ಬಿಯಲ್ಲೀಗ ಹಿಡಿ ತುಂಬ ಬೀಜವಿದೆ. ಟೈಲರಮ್ಮನ ಮಷಿನ್ ಮಾತ್ರ ಬೆಳಗ್ಗೆ ತಡವಾಗಿ ಸದ್ದು ಮಾಡುತ್ತದೆ.

ನಿಮ್ಮ ಬಳ್ಳಿಯಲ್ಲೂ ಕಾಯಿ ಉದುರುತ್ತಿದೆಯೇ? ಅರಳಿದ ಹೂವಿಗೆ ಔಷಧಿ ಹೊಡೆಯಬೇಡಿ. ಜೇನ್ನೊಣವನ್ನು ಓಡಿಸಬೇಡಿ, ಅದರ ಗೂಡಿಗೆ ಬೆಂಕಿ ಇಡಬೇಡಿ. ಒಂದು ಬೆಳಗ್ಗೆ ಬಳ್ಳಿಯ ಪಕ್ಕ ಸುಮ್ಮನೆ ಕೂತು, ಹೂವಿಗೆ ಯಾರು ಬರುತ್ತಾರೆಂದು ನೋಡಿ. ಯಾರಾದರೂ ಸೋಮಾರಿ ಎಂದರೆ ಅನ್ನಲಿ ಬಿಡಿ.