ಕರೆಂಟು ಹೋದ ದಿನ ಬಂದ ನೀರು

ಕೆಸರೆಯ ನಮ್ಮ ಬೀದಿಯಲ್ಲಿ ಕೊನೆಯ ಮನೆ ಗಿರಿಜಾಂಬಾ ಅವರದು. ನೀರು ಬಿಡುವ ದಿನ ಎಲ್ಲರ ಸಂಪು ತುಂಬಿದರೂ ಅವರ ನಲ್ಲಿ ಬರೀ ಗಾಳಿ ಊದುತ್ತಿತ್ತು. ಮಗಳು ಸುಷ್ಮಾಗೆ ತುಂಬು ತಿಂಗಳು.

"ಒಂದು ಹಂಡೆ ನೀರಿಲ್ಲ, ಬಾಣಂತೀನ ಎಂಗೆ ಕರೆಸ್ಲಿ? ಅತ್ತೆ ಮನೇಲೇ ಇದ್ಬುಡು ಅಂತೀನಿ," ಎಂದು ಗಿರಿಜಾಂಬಾ ಕಣ್ಣೊರೆಸಿಕೊಂಡರು.

ನಡುಬೀದಿಯ ಚಾಮಯ್ಯನವರದು ಒಂದೇ ಮಾತು. "ಎಲ್ಲಾ ರಾಜಕೀಯ ಕಣಮ್ಮ. ಕಾರ್ಪೊರೇಟರ್ ಇಲ್ಲ, ಎಲೆಕ್ಷನ್ ಇಲ್ಲ. ಇವತ್ತಿದ್ದ ಆಫೀಸರು ನಾಳೆ ಇರಲ್ಲ. ಹೊಸ ಪೈಪು ಯಾರನ್ನ ಕೇಳಾನ?"

ಒಂದು ಬೆಳಿಗ್ಗೆ ನೀರು ಬಿಟ್ಟ ಹೊತ್ತಿಗೇ ಕರೆಂಟು ಹೋಯಿತು. ಗಿರಿಜಾಂಬಾ ಅವರ ನಲ್ಲಿಯಲ್ಲಿ ಬೆರಳು ದಪ್ಪ ನೀರು ಸುರಿಯಿತು. ಕರೆಂಟು ಬಂತು, ನೀರು ನಿಂತಿತು.

ಮಹಿಳಾ ಸಂಘದ ಶಿಲ್ಪಶ್ರೀಗೆ ವಿಷಯ ಹೊಳೆಯಿತು. "ಚಾಮಯ್ಯನೋರೇ, ನಿಮ್ಮ ಮೋಟರು ನೇರ ಬೀದಿ ಪೈಪಿಗೇ ಹಾಕಿದೀರಲ್ವಾ? ಅರ್ಧ ಬೀದಿ ಹಂಗೇ ಎಳೆದ್ರೆ ಕೊನೇ ಮನೆಗೆ ಏನು ಉಳೀತದೆ? ಕರೆಂಟು ಹೋಗಿ ಮೋಟರೆಲ್ಲ ನಿಂತಿದ್ಕೇ ಅವತ್ತು ಅಲ್ಲಿಗೆ ನೀರು ಬಂದಿದ್ದು."

"ಅವತ್ತು ಯಾರೋ ಮಂತ್ರಿ ಬಂದಿದ್ರು. ಅದಕ್ಕೇ ಜೋರಾಗಿ ಬುಟ್ಟವ್ರೆ."

"ಗಿರಿಜಮ್ಮನ ಬಚ್ಚಲಿಗೆ ಬಂದಿದ್ರಾ ಮಂತ್ರಿ?"

"ನಾನೊಬ್ಬ ನಿಲ್ಸಿದ್ರೆ ಪಕ್ಕದೋನು ಎಳ್ಕೋತಾನೆ. ಕೇಳೋರ್ಯಾರು?"

"ನಾವೇ ಕೇಳಾಣ. ಇನ್ನೊಂದು ಮಾತು. ಪೈಪು ಎಲ್ಲಾದ್ರೂ ಒಡೆದಿದ್ರೆ ಮೋಟರು ಚರಂಡಿ ನೀರನ್ನೂ ಒಳಕ್ಕೆ ಎಳೀತದೆ. ನಿಮ್ಮ ಮೊಮ್ಮಗು ಕುಡಿಯೋದು ಅದನ್ನೇ."



ಸಂಘದವರು ಮನೆಮನೆಗೆ ಹೋಗಿ ಹೇಳಿದರು. ಮುಂದಿನ ಸಲ ನೀರು ಬಿಟ್ಟಾಗ ಯಾರೂ ಮೋಟರು ಹಾಕಲಿಲ್ಲ. "ಬರಲ್ಲ, ನೋಡ್ತಿರಿ," ಎನ್ನುತ್ತಲೇ ಚಾಮಯ್ಯನವರು ಗಿರಿಜಾಂಬಾ ಅವರ ಬಚ್ಚಲ ಬಾಗಿಲಲ್ಲಿ ನಿಂತರು. ನೀರು ಬಂತು. ಹಂಡೆ ತುಂಬಿ ಹೊರಚೆಲ್ಲಿತು.

"ರಾಜಕೀಯ ನಮ್ಮನೇಲೂ ಇತ್ತು ಬುಡಮ್ಮ," ಎಂದ ಚಾಮಯ್ಯನವರು ಗಿರಿಜಾಂಬಾ ಅವರ ಫೋನು ತೆಗೆದುಕೊಂಡು ತಾವೇ ಮಾತಾಡಿದರು. "ಸುಷ್ಮಾ, ಬಂದ್ಬುಡು ಮಗ. ನೀರದೆ."

ಈಗ ನಮ್ಮ ಬೀದಿಯಲ್ಲಿ ನೀರು ತಾನಾಗಿ ಸಂಪಿಗೆ ಬೀಳುತ್ತದೆ. ಮೋಟರು ಸಂಪಿನಿಂದ ಮಾತ್ರ ಮೇಲೆತ್ತುತ್ತದೆ. ಹೊಸ ಪೈಪಿಗಾಗಿ ಬೀದಿಯವರೆಲ್ಲ ಒಟ್ಟಾಗಿ ಪಾಲಿಕೆ ಕಚೇರಿಗೆ ಹೋಗಿ, ತಲೆಯೆತ್ತಿ ಕೇಳಿ ಬಂದಿದ್ದೇವೆ. ಆಳುವವರು ಬದಲಾದರೂ ಕೇಳುವುದನ್ನು ಬಿಡುವುದಿಲ್ಲ. ನಮ್ಮ ಬೀದಿಯ ಹೆಸರು ಹೇಳಲು ನಮಗೆ ಹೆಮ್ಮೆ.

ನಿಮ್ಮ ಮನೆಯ ಮೋಟರನ್ನು ಎಲ್ಲಿಗೆ ಜೋಡಿಸಿದ್ದೀರಿ? ಇವತ್ತೇ ನೋಡಿ. ಬೀದಿ ಪೈಪಿಗಿದ್ದರೆ ಬಿಚ್ಚಿಸಿ. ಆಮೇಲೆ ನಿಮ್ಮ ಬೀದಿಯ ಕೊನೆಯ ಮನೆಗೆ ಹೋಗಿ ನಲ್ಲಿ ತಿರುಗಿಸಿ. ಅಲ್ಲಿ ನೀರು ಬಂದರೆ ಮಾತ್ರ ನಿಮ್ಮ ಬೀದಿಗೆ ನೀರು ಬಂದಂತೆ.