ಹಿಂದಕ್ಕೆ ಹಾರಿದ ಬಾವುಟ

ಕಸೂತಿ ಶಿವಮಲ್ಲಪ್ಪನವರು ಜನ್ಮದಲ್ಲಿ ಸಮುದ್ರ ಕಂಡವರಲ್ಲ. ನೀರು ಅಂದರೆ ಅವರಿಗೆ ಕಾರಂಜಿ ಕೆರೆ, ಹೆಚ್ಚೆಂದರೆ ಕನ್ನಂಬಾಡಿ. ಅಂಥವರ ಕೈಗೆ ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆಯಲ್ಲಿ ಒಂದು ಹಡಗು ಬಂದು ಬಿತ್ತು.

ತಂದವನು ಹೆಬ್ಬಾಳದ ಕಾರ್ಖಾನೆಯೊಂದರ ಅಧಿಕಾರಿ ಸಂಜಯ್. ಕಡಲಾಚೆಯ ಬಂದರು ಪಟ್ಟಣದಿಂದ ಅತಿಥಿಗಳು ಬರುವವರಿದ್ದರು. ಅವರ ಊರಿನ ಲಾಂಛನವನ್ನು ಮಖಮಲ್ಲಿನ ಮೇಲೆ ಕಸೂತಿ ಮಾಡಿಸಿ ಸಭಾಂಗಣದಲ್ಲಿ ತೂಗುಹಾಕಬೇಕಿತ್ತು. ನಜರ್‌ಬಾದಿನ ಆ ಪುಟ್ಟ ಮನೆಯ ಜಗಲಿಯಲ್ಲಿ ಅವನು ಚಿತ್ರ ಬಿಚ್ಚಿಟ್ಟು ವಿವರಿಸಿದ. ಗುರಾಣಿಯ ನಡುವೆ ಹಾಯಿಹಡಗು, ಅದೇ ಊರಿನ ಅನ್ನ. ಕೆಳಗೊಂದು ಬೀಗದ ಕೈ, ಬಂದವರಿಗೆಲ್ಲ ಬಂದರು ತೆರೆದಿದೆ ಎಂದು. ಇಕ್ಕೆಲದಲ್ಲೂ ಮೀನಿನ ಬಾಲದ ಕುದುರೆಗಳು, ನೆಲವೂ ನೀರೂ ತಮ್ಮದೇ ಎಂದು.

"ಹಡಗಿನ ಕಂಬದ ತುದೀಲಿರೋ ಪುಟ್ಟ ಬಾವುಟಾನೇ ಆ ಊರಿನ ಧ್ವಜ, ಯಜಮಾನ್ರೇ. ದೂರದಿಂದ ಅದನ್ನ ನೋಡೇ ಯಾವೂರ ಹಡಗು ಅಂತ ಗುರುತು ಹಿಡೀತಿದ್ರಂತೆ. ಕೆಳಗಡೆ ಹಿತ್ತಾಳೆ ಫಲಕದಲ್ಲಿ ನಿಮ್ಮ ಹೆಸರು ಹಾಕಿಸ್ತೀವಿ."

ಶಿವಮಲ್ಲಪ್ಪನವರ ಮುಖ ಅರಳಿತು. ದಸರಾ ಆನೆಗಳ ಹೊದಿಕೆಗೆ, ಬ್ಯಾಂಡಿನವರ ಕೋಟಿಗೆ ಜೀವಮಾನವಿಡೀ ಜರಿ ಹೊಲಿದಿದ್ದರೂ ಅವರ ಹೆಸರನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಅವರು ಮಗಳ ಕಡೆ ತಿರುಗಿದರು. "ನಮ್ಮ ಗಂಡಭೇರುಂಡಕ್ಕೆ ಎರಡು ತಲೆ, ಇವರ ಕುದುರೆಗೆ ಮೀನಿನ ಬಾಲ. ಭಲೇ ಜನ ಕಣಮ್ಮ!"

ಮಗಳು ಸರ್ವಮಂಗಳಾ ನಕ್ಕಳು. ಅಪ್ಪನ ಕಣ್ಣು ಮಂಜಾದಾಗಿನಿಂದ ಸೂಜಿಗೆ ದಾರ ಪೋಣಿಸಿಕೊಡುವುದು ಅವಳ ಕೆಲಸ. ಹೊಲಿಗೆ ಅವಳಿಗೂ ಬರುತ್ತಿತ್ತು. ಆದರೆ ಬಟ್ಟೆ ಮುಟ್ಟುವಂತಿರಲಿಲ್ಲ. ವಿಭೂತಿ ಹಚ್ಚಿ ಮೊದಲ ಹೊಲಿಗೆ ಹಾಕಿದ ಕೈಯೇ ಕೊನೆಯದನ್ನೂ ಹಾಕಬೇಕು, ನಡುವೆ ಇನ್ನೊಂದು ಕೈ ಸೋಕಬಾರದು ಎಂಬುದು ಆ ಮನೆಯ ಕಟ್ಟಳೆ. ಇದೇ ಕೊನೆಯ ಕೆಲಸ ಎಂದು ಅಪ್ಪ ಹೇಳಿಬಿಟ್ಟಿದ್ದರು. ಅದರಲ್ಲಿ ಒಂದು ಎಳೆಯೂ ತಪ್ಪಬಾರದು ಎಂಬುದಷ್ಟೇ ಅವಳ ಆಸೆ.

ಅಬ್ಬಾ, ಆ ಮುದುಕನ ಬೆರಳುಗಳೇ! ಅರ್ಧ ಕಣ್ಣಲ್ಲಿ, ಅರ್ಧ ತಡವಿ ನೋಡಿ, ಕಾಣದ ಕಡಲಿಗೆ ಅಲೆ ಎಬ್ಬಿಸಿದವು. ಕುದುರೆಗಳು ಈಗಲೋ ಆಗಲೋ ಕೆನೆಯುವಂತಿದ್ದವು. ಬೀದಿಯವರೆಲ್ಲ ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟರು.

ಬಾವುಟಕ್ಕೆ ಬಂದಾಗ ಮಾತ್ರ ಶಿವಮಲ್ಲಪ್ಪನವರು ಚಿತ್ರವನ್ನು ಕಣ್ಣಿಗೆ ಒತ್ತಿಕೊಳ್ಳುವಷ್ಟು ಹತ್ತಿರ ಹಿಡಿದು ರೇಗಿದರು. "ಇದನ್ನ ಬರೆದೋನಿಗೆ ಬುದ್ಧಿ ಇಲ್ವಾ? ಹಡಗು ಮುಂದಕ್ಕೆ ಹೋಯ್ತಾ ಇದ್ರೆ ಬಾವುಟಾನೂ ಮುಂದಕ್ಕೇ ಹಾರ್ತದಾ? ಎಲೆಕ್ಷನ್ ಜೀಪು ನೋಡಿಲ್ವಾ?"

ಸರ್ವಮಂಗಳೆಗೂ ಹೌದೆನ್ನಿಸಿತು. ಅವರು ಬಾವುಟವನ್ನು ಹಿಂದಕ್ಕೆ ಹಾರಿಸಿದರು. ನೋಡಲು ಬಂದ ಸಂಜಯ್ ಹೊಗಳಿ ಹೊಗಳಿ ಸುಸ್ತಾದ. ಬಾವುಟದ ಗೊಡವೆಗೆ ಹೋಗಲಿಲ್ಲ. ನಾಳೆ ಸಂಜೆ ಒಯ್ಯುತ್ತೇನೆಂದು ಹೇಳಿ ಹೋದ.

ಮರುದಿನ ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಸರ್ವಮಂಗಳಾ ನಿಂತಲ್ಲೇ ನಿಂತಳು. ಆಷಾಢದ ಗಾಳಿಗೆ ತಂತಿಯ ಮೇಲಿನ ಸೀರೆ ಚಾಮುಂಡಿ ಬೆಟ್ಟದ ಕಡೆಗೆ ಉಬ್ಬಿತ್ತು. ಪಕ್ಕದ ಟವೆಲ್ಲೂ ಆ ಕಡೆಗೇ ಹಾರುತ್ತಿತ್ತು. ಜೀಪಿಗೆ ಇಂಜಿನ್ ಇದೆ, ಹಡಗನ್ನು ತಳ್ಳುವುದು ಗಾಳಿಯೇ. ಹಾಯಿಯನ್ನು ಮುಂದಕ್ಕೆ ಉಬ್ಬಿಸುವ ಗಾಳಿ ಬಾವುಟವನ್ನು ಮಾತ್ರ ಹಿಂದಕ್ಕೆ ಹಾರಿಸೀತೇ?

ಇದನ್ನು ನೋಡಲು ಬರುವವರು ಕಡಲಿನ ಜನ. ಫಲಕದ ಮೇಲೆ ಅಪ್ಪನ ಹೆಸರು, ಅದರ ಮೇಲೆ ಆ ಅತಿಥಿಗಳ ನಗು. ಹೇಳಿದರೆ ಅಪ್ಪನಿಗೆ ನೋವು, ಹೇಳದಿದ್ದರೆ ಅವಮಾನ. ಅವಳು ಕೆಳಗಿಳಿದು ಬಂದು ಹೇಳಿಯೇಬಿಟ್ಟಳು.

"ನಂಗೇ ಪಾಠ ಹೇಳೋಕೆ ಬಂದ್ಬುಟ್ಟಾ?" ಎಂದು ಅವರು ಗುಡುಗಿದರು.

"ಒಂದ್ಸಾರಿ ಮೇಲಕ್ಕೆ ಬನ್ನಿ ಅಪ್ಪಾಜಿ."

ಅವಳು ಅವರ ಒಂದು ಕೈಗೆ ಸೀರೆಯ ಅಂಚು, ಇನ್ನೊಂದಕ್ಕೆ ಟವೆಲ್ಲಿನ ತುದಿ ಕೊಟ್ಟಳು. ಎರಡೂ ಒಂದೇ ಕಡೆಗೆ ಜಗ್ಗಿದವು. ಶಿವಮಲ್ಲಪ್ಪನವರು ಎರಡನ್ನೂ ಬಿಟ್ಟು, ಮತ್ತೊಮ್ಮೆ ಹಿಡಿದು ನೋಡಿದರು.

"ಬರೆದೋನು ಬುದ್ಧಿವಂತ ಕಣಮ್ಮ," ಎಂದರು ಕೊನೆಗೆ. "ಬಾವುಟ ಬಿಚ್ಚಿ ತಿರುಗಿ ಹೊಲಿ."

"ನಾನಾ? ಇನ್ನೊಂದು ಕೈ ಸೋಕಬಾರ್ದು ಅಂತ..."

"ಅಷ್ಟು ಸಣ್ಣ ಕೆಲಸ ಬಿಚ್ಚಿ ಹೊಲಿಯೋಕೆ ಒಂದು ದಿನದಲ್ಲಿ ನನ್ನ ಕಣ್ಣು ಕೇಳಲ್ಲ. ಕಟ್ಟಳೆ ಮಾಡಿದ್ದು ಕೆಲಸ ಕೆಡಬಾರದು ಅಂತ. ಹೊಲಿ."

ಅವಳು ವಿಭೂತಿ ಹಚ್ಚಿ ಸೂಜಿ ಹಿಡಿದಳು. ಸಂಜೆಯ ಹೊತ್ತಿಗೆ ಬಾವುಟ ಹಾಯಿಯ ಜೊತೆಗೇ ಮುಂದಕ್ಕೆ ಹಾರುತ್ತಿತ್ತು. ಶಿವಮಲ್ಲಪ್ಪನವರು ಅದನ್ನು ಬೆರಳಿನಿಂದ ಸವರಿ ನೋಡಿ ತಲೆದೂಗಿದರು.

ಸಂಜಯ್ ಬಂದು ಮಖಮಲ್ಲನ್ನು ಜೋಪಾನವಾಗಿ ಸುತ್ತಿಕೊಂಡ. "ಫಲಕಕ್ಕೆ ಶಿವಮಲ್ಲಪ್ಪ ಅಂತ ಬರೆಸ್ಲಾ, ಯಜಮಾನ್ರೇ?"

"ಬೇಡ ಸಾರ್, ಸರ್ವಮಂಗಳಾ ಅಂತ ಬರೆಸಿ."

"ಅಪ್ಪಾಜಿ! ಹಡಗೆಲ್ಲ ನಿಮ್ಮದೇ," ಎಂದಳು ಅವಳು.

"ಹಡಗು ನಂದೇ, ಇಲ್ಲ ಅಂದೋರು ಯಾರು? ಬಾವುಟ ನೋಡಿ ತಾನೇ ಯಾರ ಹಡಗು ಅಂತ ಹೇಳೋದು? ಬಾವುಟ ನಿಂದು."

ಸರ್ವಮಂಗಳಾ ಸೂಜಿ ಹಿಡಿದಿದ್ದ ಕೈಯಲ್ಲೇ ಕಣ್ಣೊರೆಸಿಕೊಂಡಳು.