ವರ್ದಾಳ ತಲೆಬಟ್ಟೆ

ತಪ್ಪು ನನ್ನ ತಮ್ಮ ನಾಜಿಯದು. ನಮ್ಮ ಬೆಟ್ಟದಲ್ಲಿ ಸೊಂಟಕ್ಕೆ ಜಂಬಿಯ ಕಟ್ಟಿದವನು ಗಂಡಸು. ಪಂಚಾಯಿತಿಯಲ್ಲಿ ಅವನ ಮಾತು ನಡೆಯುತ್ತದೆ, ಕಾದಾಟಕ್ಕೂ ಅವನು ಹೋಗಬೇಕಾಗುತ್ತದೆ. ಅದಕ್ಕೇ ಮೀಸೆ ಮೂಡುವ ತನಕ ಆ ಬಾಗಿದ ಬಾಕುವನ್ನು ಯಾರೂ ಮಕ್ಕಳಿಗೆ ಕಟ್ಟುವುದಿಲ್ಲ. ಮದುವೆಯೊಂದರ ಕುಣಿತದಲ್ಲಿ ಮಗ ಚೆಂದ ಕಾಣಲಿ ಎಂದು ನಾಜಿ ಹದಿಮೂರರ ರದ್ಮಾನನಿಗೆ ನಮ್ಮಪ್ಪನ ಜಂಬಿಯ ಕಟ್ಟಿಬಿಟ್ಟ. ಬೇಡ ಎಂದು ಕೂಗಾಡಿದೆ. ತಾಯಿ ಸತ್ತ ಆ ಮಗುವನ್ನು ಸಾಕಿದವಳು ನಾನು. ನಾಜಿ ನಕ್ಕ. ಹುಡುಗ ಆಮೇಲೆ ಅದನ್ನು ಮಲಗುವಾಗಲೂ ಬಿಚ್ಚಲಿಲ್ಲ.

ರಾಜಧಾನಿ ಸನಾದಿಂದ ಯುದ್ಧಕ್ಕೆ ಜನ ಸೇರಿಸುವ ಮೇಲ್ವಿಚಾರಕ ಬಂದು ಮನೆಗೊಬ್ಬ ಗಂಡಸು ಬೇಕೆಂದ. ನಾಜಿ ತನ್ನ ಕುಂಟುಕಾಲು ತೋರಿಸಿದ. ಹಾಗಾದರೆ ಮಗ ಬರಲಿ ಎಂದ ಅವನು. ಅವನಿನ್ನೂ ಮಗು ಎಂದು ನಾಜಿ ಅಂಗಲಾಚಿದ. ಮೇಲ್ವಿಚಾರಕ ರದ್ಮಾನನ ಸೊಂಟದತ್ತ ಕೈ ತೋರಿಸಿದ.

"ಇದನ್ನ ಕಟ್ಟಿದ್ದು ನೀನೇ ತಾನೆ? ನಿಮ್ಮ ಕಟ್ಟಲೆ ಪ್ರಕಾರವೇ ಇವನು ಗಂಡಸು."

ಊರಿನ ಹಿರಿಯ ಶೇಖ್ ಗಾಲಿಬ್ ನೆಲ ನೋಡುತ್ತ ನಿಂತನಂತೆ.

ನಾನು ಒಲೆಯ ಒಳಗೋಡೆಗೆ ರೊಟ್ಟಿ ಬಡಿಯುತ್ತಿದ್ದಾಗ ರದ್ಮಾನ ಹೇಳಿಹೋಗಲು ಬಂದ. ಮುಖದ ತುಂಬ ನಗು.

"ಅತ್ತೆ, ನಂಗೆ ಬಂದೂಕು ಕೊಡ್ತಾರಂತೆ."

"ನಿನ್ನೆ ಕತ್ತೆ ಒದ್ದಿದ್ದಕ್ಕೆ ಅತ್ತವನು ನೀನು."

"ಅದು ನಿನ್ನೆ" ಎಂದು ಓಡಿದ.

ಪಕ್ಕದ ಮನೆಯ ಬಾಸಿಲ್ ಕೂಡ ಹೀಗೇ ನಗುತ್ತ ಹೋಗಿದ್ದ. ಗೋಡೆಗೆ ತೂಗುಹಾಕುವ ಪಟವಾಗಿ ಬಂದ. ಹಿಟ್ಟಿನ ಕೈಯಲ್ಲೇ ಚೌಕಕ್ಕೆ ನಡೆದೆ.

ರದ್ಮಾನ ಆಗಲೇ ಟ್ರಕ್ಕಿನ ಹಿಂದೆ ಹತ್ತಿ ಕೂತಿದ್ದ. ಗಂಡಸರೆಲ್ಲ ಸುತ್ತ ನಿಂತಿದ್ದರು. ನಾನು ತಲೆಬಟ್ಟೆ ಕಿತ್ತು ಅವನ ಮೇಲೆ ಎಸೆದೆ.

ನಮ್ಮಲ್ಲಿ ಅದೂ ಕಟ್ಟಲೆಯೇ. ಹೆಂಗಸಿನ ತಲೆಬಟ್ಟೆ ಬಿದ್ದವನು ಅವಳ ಆಶ್ರಯದಲ್ಲಿರುತ್ತಾನೆ. ಅವನನ್ನು ಮುಟ್ಟಿದವನ ಮಾನ ಹೋಗುತ್ತದೆ, ಸುಮ್ಮನೆ ನೋಡುತ್ತ ನಿಂತವರದೂ ಹೋಗುತ್ತದೆ. ನನ್ನಜ್ಜಿ ಹಾಗೆ ಮಾಡಿ ಎರಡು ಊರುಗಳ ಕಾದಾಟ ನಿಲ್ಲಿಸಿದ್ದಳು. ಆಮೇಲೆ ಯಾರಿಗೂ ಧೈರ್ಯ ಬಂದಿರಲಿಲ್ಲ.

"ಮನೆಗೆ ಹೋಗಮ್ಮ, ತಲೆ ಮುಚ್ಕೋ" ಎಂದ ಮೇಲ್ವಿಚಾರಕ. "ನಾಚಿಕೆ ಆಗಲ್ವಾ?"

"ಆಗುತ್ತೆ. ನನ್ನ ನರೆಗೂದಲು ನೋಡ್ತಾ ನಿಂತಿದಾರಲ್ಲ, ಇವರಿಗೂ ಆಗಲಿ ಅಂತಲೇ ತೆಗೆದದ್ದು. ಒಂದು ಕಟ್ಟಲೆ ಹಿಡಿದು ನನ್ನ ಮಗೂನ ಗಂಡಸು ಮಾಡಿದೆಯಲ್ಲ, ಈಗ ಈ ಕಟ್ಟಲೆನೂ ಹಿಡಿ."

ಶೇಖ್ ಗಾಲಿಬ್ ತನ್ನ ಜಂಬಿಯವನ್ನು ಒರೆ ಸಮೇತ ಬಿಚ್ಚಿ ಟ್ರಕ್ಕಿನ ಮುಂದೆ ರಸ್ತೆಯಲ್ಲಿಟ್ಟ.

"ವರ್ದಾಳ ಬಟ್ಟೆ ಬಿದ್ದಿದೆ. ಹುಡುಗ ಇಳೀತಾನೆ."

ನಾಜಿ ಕುಂಟುತ್ತ ಹೋಗಿ ತನ್ನದನ್ನೂ ಇಟ್ಟ. ಮಿಕ್ಕವರೂ ಇಟ್ಟರು. ಗಂಡಸರ ಮಾನವೇ ಆದ ಅವುಗಳ ಮೇಲೆ ಟ್ರಕ್ ಹರಿಸಿದರೆ ಇಡೀ ಬೆಟ್ಟ ತಿರುಗಿಬೀಳುತ್ತದೆಂದು ಮೇಲ್ವಿಚಾರಕನಿಗೆ ಗೊತ್ತಿತ್ತು. ಅವನ ಜನ ಓಡಾಡುವ ದಾರಿ ಈ ಬೆಟ್ಟದ ಮೇಲೇ ಇದೆ. ಹುಡುಗನನ್ನು ಇಳಿಸಿ, ಮತ್ತೆ ಬರುತ್ತೇನೆ ಎಂದ.

ಟ್ರಕ್ಕಿನಲ್ಲಿ ಬೇರೆ ಊರಿನ ಇಬ್ಬರು ಹುಡುಗರಿದ್ದರು. ಒಬ್ಬ ನನ್ನನ್ನೇ ನೋಡುತ್ತಿದ್ದ. ಅವರು ಹೋದರು. ನನ್ನ ಹತ್ತಿರ ಇದ್ದದ್ದು ಒಂದೇ ಬಟ್ಟೆ.

ನಾಜಿ ತಾನೇ ಮಗನ ಸೊಂಟದಿಂದ ಜಂಬಿಯ ಬಿಚ್ಚಿದ. ರದ್ಮಾನ ಅಳುತ್ತ, "ಊರೆಲ್ಲ ನಗುತ್ತೆ. ಇನ್ನು ನಿನ್ನ ಮುಖ ನೋಡಲ್ಲ" ಎಂದು ನನಗೆ ಹೇಳಿದ.

"ನೋಡ್ಬೇಡ. ರೊಟ್ಟಿ ತಿನ್ನು."

ಇನ್ನೂ ಮಾತು ಬಿಟ್ಟಿದ್ದಾನೆ. ಬಿಡಲಿ, ಬದುಕಿದ್ದು ಬಿಡಲಿ. ನೀರಿಗೆ ಹೋದಾಗ ಹೆಂಗಸರು ನನ್ನನ್ನು ಸುತ್ತುಗಟ್ಟಿ, ಹೆದರಿಕೆ ಆಗಲಿಲ್ಲವೇ ಎಂದು ಕೇಳುತ್ತಾರೆ. ಬಾಸಿಲನ ತಾಯಿ ಮಾತ್ರ ಕೇಳುವುದಿಲ್ಲ. ಸುಮ್ಮನೆ ತನ್ನ ತಲೆಬಟ್ಟೆಯ ಗಂಟು ಬಿಚ್ಚಿ ಕಟ್ಟುತ್ತಿರುತ್ತಾಳೆ.

ಮೇಲ್ವಿಚಾರಕ ಬರಲಿ. ಈ ಊರಿನ ಪ್ರತಿ ಹೆಂಗಸಿನ ತಲೆಯ ಮೇಲೂ ಬಟ್ಟೆಯಿದೆ.